ಚೆನ್ನಾಗಿ ಆಡಿದ್ರೆ ಸಾಲದಾ, ಸ್ಟೇಡಿಯಂ ಯಾಕೆ ಬೇಕು?

ಪ್ರಶ್ನೆ: ಅಮೆರಿಕದಲ್ಲಿ ಕೆಳಗಿನ ಲೀಗ್‌ನ ಫುಟ್‌ಬಾಲ್ ತಂಡ ಎಷ್ಟೇ ಗೆದ್ದರೂ ಮೊದಲ ದರ್ಜೆಯ ಲೀಗ್ ಆದ ಎಂಎಲ್‌ಎಸ್‌ಗೆ (ಮೇಜರ್ ಲೀಗ್ ಸಾಕರ್) ಬಡ್ತಿ ಸಿಗಲ್ಲವಂತೆ. ದುಡ್ಡು, ಸ್ಟೇಡಿಯಂ ನೋಡಿ ಸೇರಿಸ್ಕೊಳ್ತಾರಂತೆ. ಎಷ್ಟು ಬೇಕು? ಯಾಕೆ ಹೀಗೆ?

ನೀವು ಕೇಳಿದ್ದು ನಿಜ. ಅಲ್ಲಿನ ಫುಟ್‌ಬಾಲ್ ಫೆಡರೇಷನ್ ಪ್ರತಿ ದರ್ಜೆಗೂ ಇಷ್ಟಾದರೂ ಇರಲೇಬೇಕು ಅಂತ ನಿಯಮ ಮಾಡಿದೆ. ಸ್ಟೇಡಿಯಂನಲ್ಲಿ ಮೊದಲ ದರ್ಜೆಗೆ 15,000 ಸೀಟು, ಎರಡನೆಯದಕ್ಕೆ 5,000, ಮೂರನೆಯದಕ್ಕೆ 1,000. ಮುಖ್ಯ ಮಾಲೀಕರ ಆಸ್ತಿ ಇದೇ ಕ್ರಮದಲ್ಲಿ 4 ಕೋಟಿ, 2 ಕೋಟಿ, 1 ಕೋಟಿ ಡಾಲರ್; ವಾಸದ ಮನೆಯನ್ನೂ ತಂಡದ ಬೆಲೆಯನ್ನೂ ಅದರಲ್ಲಿ ಸೇರಿಸುವ ಹಾಗಿಲ್ಲ. ಮೊದಲ ದರ್ಜೆಯ ತಂಡ 10 ಲಕ್ಷ ಡಾಲರ್ ಭದ್ರತಾ ಠೇವಣಿಯನ್ನೂ ಇಡಬೇಕು. ಸೀಸನ್ ಮಧ್ಯದಲ್ಲಿ ತಂಡ ಬಾಗಿಲು ಹಾಕಿದರೆ ಖರ್ಚು ತೂಗಿಸೋದಕ್ಕೆ ಅದು. ಈ ನಿಯಮ ನನಗೆ ತುಂಬಾ ಸರಿ ಅನಿಸುತ್ತದೆ, ಯಾಕೆಂದರೆ ಮಾಲೀಕ ಕೈ ಎತ್ತಿದಾಗ ಸಂಬಳ ಸಿಗದೆ ಒದ್ದಾಡುವವರು ಆಟಗಾರರೇ ಅಲ್ವಾ?

ಆದರೆ ಇದು ಬರೀ ಹೊಸ್ತಿಲು. ಒಳಗೆ ಹೋಗೋಕೆ ಎಂಎಲ್‌ಎಸ್ ಕೇಳುವ ಪ್ರವೇಶ ಶುಲ್ಕ ಬೇರೆ. 2007ರಲ್ಲಿ ಆಡಲು ಬಂದ ಟೊರೊಂಟೊ ಕಟ್ಟಿದ್ದು 1 ಕೋಟಿ ಡಾಲರ್. 2025ರಲ್ಲಿ ಬಂದ ಸ್ಯಾನ್ ಡಿಯಾಗೊ ಕಟ್ಟಿದ್ದು 50 ಕೋಟಿ.

ಇನ್ನು ಸ್ಟೇಡಿಯಂ. ಬಾಡಿಗೆಗೆ ಆಡಿದರೆ ಏನಾಗುತ್ತದೆ ಅಂತ ನ್ಯೂಯಾರ್ಕ್ ಸಿಟಿ ತಂಡವನ್ನು ನೋಡಿದರೆ ಗೊತ್ತಾಗುತ್ತದೆ. 2015ರಿಂದ ಅವರ ಮನೆ ಯಾಂಕೀ ಸ್ಟೇಡಿಯಂ, ಅಂದರೆ ಬೇಸ್‌ಬಾಲ್ ಮೈದಾನ. ಬೇಸ್‌ಬಾಲ್ ಪಂದ್ಯ ಮುಗಿದ ಮೇಲೆ ಚೆಂಡೆಸೆಯುವವನು ನಿಲ್ಲುವ ಮಣ್ಣಿನ ದಿಬ್ಬ ತೆಗೆದು, ಕೆಂಪು ಮಣ್ಣಿನ ಮೇಲೆ ಹುಲ್ಲಿನ ಹಾಸು ಹೊದಿಸಿ, ಫುಟ್‌ಬಾಲ್ ಗೆರೆ ಎಳೆಯಬೇಕು. ಇಷ್ಟು ಮಾಡಿದರೂ ಅಗಲ ಸಿಗೋದು 70 ಗಜ ಅಷ್ಟೇ. ಪಂದ್ಯದ ದಿನವನ್ನೂ ಬೇಸ್‌ಬಾಲ್ ವೇಳಾಪಟ್ಟಿ ನೋಡಿಕೊಂಡೇ ಇಟ್ಟುಕೊಳ್ಳಬೇಕು. ಇದು ನಮಗೇನೂ ಹೊಸದಲ್ಲ. ಕಂಠೀರವದಲ್ಲಿ ಅಥ್ಲೀಟ್‌ಗಳಿಗೂ ಬೆಂಗಳೂರು ಎಫ್‌ಸಿಗೂ ಮೈದಾನದ ವಿಷಯಕ್ಕೆ ತಕರಾರಾಗಿ ಹೈಕೋರ್ಟ್‌ವರೆಗೂ ಹೋಗಿತ್ತು. ಅಲ್ಲಿ ಇಬ್ಬರದೂ ತಪ್ಪಿರಲಿಲ್ಲ, ಇದ್ದ ಮೈದಾನ ಒಂದೇ. ಸ್ವಂತ ಜಾಗ ಇದ್ದರೆ ಪಾರ್ಕಿಂಗ್, ತಿಂಡಿ ಅಂಗಡಿ, ಜಾಹೀರಾತು ಬೋರ್ಡಿನ ದುಡ್ಡೂ ತಂಡದ ಕೈಗೇ ಬರುತ್ತದೆ, ಸುಮ್ನೆ ಟಿಕೆಟ್ ನಂಬಿಕೊಂಡು ಕೂರಬೇಕಾಗಿಲ್ಲ.

ಹಾಗಂತ ಈ ಪದ್ಧತಿಯಲ್ಲಿ ನೋವಿಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ರಿಪಬ್ಲಿಕ್ ತಂಡವನ್ನು ನೋಡಿ. 2014ರಲ್ಲಿ ಕೆಳಗಿನ ಲೀಗ್‌ಗೆ ಬಂದು ಮೊದಲ ವರ್ಷವೇ ಕಪ್ ಗೆದ್ದಿತು. 2019ರ ಅಕ್ಟೋಬರ್‌ನಲ್ಲಿ ಎಂಎಲ್‌ಎಸ್ ಜಾಗ ಕೊಡುತ್ತೇವೆ ಅಂತ ಘೋಷಿಸಿತು, ಊರಿಗೆ ಊರೇ ಹಬ್ಬ ಮಾಡಿತು. 2021ರ ಫೆಬ್ರವರಿಯಲ್ಲಿ ಮುಖ್ಯ ಹೂಡಿಕೆದಾರ ರಾನ್ ಬರ್ಕಲ್ ಹಿಂದೆ ಸರಿದರು. ಅಲ್ಲಿಗೆ ಎಲ್ಲ ನಿಂತುಹೋಯಿತು. ಮರುವರ್ಷ ಅದೇ ತಂಡ, ಬೇರೆ ಬೇರೆ ದರ್ಜೆಯ ತಂಡಗಳು ಒಟ್ಟಿಗೆ ಆಡುವ ಯು.ಎಸ್. ಓಪನ್ ಕಪ್‌ನಲ್ಲಿ ಎಂಎಲ್‌ಎಸ್‌ನ ಮೂರು ತಂಡಗಳನ್ನು ಸಾಲಾಗಿ ಸೋಲಿಸಿ ಫೈನಲ್‌ಗೆ ಹೋಯಿತು. ಆದರೂ ಎರಡನೇ ದರ್ಜೆಯಲ್ಲೇ ಉಳಿಯಿತು. ಇದು ನನಗೆ ಇವತ್ತಿಗೂ ಅನ್ಯಾಯ ಅನಿಸುತ್ತದೆ.

2024ರಲ್ಲಿ ವಿಲ್ಟನ್ ರಾಂಚೆರಿಯಾ ಎಂಬ ಮೂಲನಿವಾಸಿ ಸಮುದಾಯ ಆ ತಂಡದ ದೊಡ್ಡ ಪಾಲು ಕೊಂಡಿತು. ಹಳೆಯ ರೈಲ್ವೆ ಯಾರ್ಡ್ ಜಾಗಕ್ಕೆ ಅವರು ಹಾಕಿರುವ ಯೋಜನೆ ಮೊದಲಿಗೆ 12,000 ಸೀಟಿನ ಸ್ಟೇಡಿಯಂ. ಮುಂದೆ 20,000ಕ್ಕೆ ಹಿಗ್ಗಿಸೋಕೆ ಜಾಗ ಬಿಟ್ಟಿದ್ದಾರೆ.