ಸಾಲ್ಮನ್ ಮೊಟ್ಟೆಯ ಎರೆ: ಉಪ್ಪು, ಬೋರಾಕ್ಸ್ ಮತ್ತು ನೀರಿನ ಲೆಕ್ಕ

ಅಮೆರಿಕದ ವಾಷಿಂಗ್ಟನ್, ಒರೆಗಾನ್ ಕಡೆಯ ಹೊಳೆಗಳಲ್ಲಿ ಗಾಳ ಹಾಕುವವರ ಫ್ರಿಜ್ ತೆಗೆದರೆ ಕೆಂಪು ಬಣ್ಣದ ಡಬ್ಬಿಯೊಂದು ಸಾಮಾನ್ಯವಾಗಿ ಸಿಗುತ್ತದೆ. ಒಳಗಿರುವುದು ಸಾಲ್ಮನ್ ಮೊಟ್ಟೆ. ಅದು ತಿನ್ನೋಕಲ್ಲ, ಗಾಳಕ್ಕೆ ಸಿಕ್ಕಿಸೋಕೆ. ಹಸಿ ಮೊಟ್ಟೆ ಮೆತ್ತಗಿರುತ್ತದೆ, ಕೊಕ್ಕೆಯ ಮೇಲೆ ನಿಲ್ಲುವುದಿಲ್ಲ, ಬೇಗ ಕೆಡುತ್ತದೆ. ಅದನ್ನು ಉಪ್ಪು, ಬೋರಾಕ್ಸ್, ಸಕ್ಕರೆ ಹಾಕಿ ಹದ ಮಾಡುವುದಕ್ಕೆ ಅಲ್ಲಿ ಕ್ಯೂರ್ ಮಾಡುವುದು ಎನ್ನುತ್ತಾರೆ. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ನೆಲೆಸಿ ಹೊಸದಾಗಿ ಗಾಳ ಹಿಡಿದಿರುವ ನಮ್ಮವರಿಗೆ ಉಪಯೋಗವಾಗಲಿ ಎಂದು ಈ ಟಿಪ್ಪಣಿ.

ಕ್ಯೂರ್ ಮಾಡುವ ಪಾಕಗಳಿಗೆ ಲೆಕ್ಕವೇ ಇಲ್ಲ. ಒಬ್ಬೊಬ್ಬರದು ಒಂದೊಂದು ಗುಟ್ಟು. ಅವನ್ನೆಲ್ಲ ಉರು ಹೊಡೆಯುವ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡರೆ ಸಾಕು ಅಂತ ನನ್ನ ಅಭಿಪ್ರಾಯ: ಮೊಟ್ಟೆಯೊಳಗಿನ ನೀರು ಈಗ ಎಲ್ಲಿಗೆ ಹೋಗುತ್ತಿದೆ? ಇದಕ್ಕೆ ಉತ್ತರ ಗೊತ್ತಿದ್ದರೆ ಯಾವ ಪಾಕವನ್ನಾದರೂ ನಾವೇ ತೂಗಿ ನೋಡಬಹುದು.

ಮೀನು ಮೊಟ್ಟೆಗೆ ಯಾಕೆ ಬರುತ್ತದೆ

ಸ್ಟೀಲ್‌ಹೆಡ್, ಟ್ರೌಟ್, ಡಾಲಿ ವಾರ್ಡನ್ ಎಂಬ ಮೀನುಗಳೆಲ್ಲ ಸಾಲ್ಮನ್ ಮೊಟ್ಟೆ ಇಡುವ ಜಾಗದ ಕೆಳಗೆ ಹೊಂಚು ಹಾಕುತ್ತವೆ. ತೇಲಿ ಬರುವ ಮೊಟ್ಟೆ ಅವಕ್ಕೆ ಪುಕ್ಕಟೆ ಊಟ. ಸಾಲ್ಮನ್ ಕತೆ ಬೇರೆ. ಸಮುದ್ರದಿಂದ ಹೊಳೆಗೆ ಹತ್ತಿದ ಮೇಲೆ ಅದು ಹೆಚ್ಚುಕಡಿಮೆ ಊಟವನ್ನೇ ಬಿಡುತ್ತದೆ, ಹೊಟ್ಟೆ ಕುಗ್ಗುತ್ತದೆ. ಆದರೂ ಮೊಟ್ಟೆಯ ಗೊಂಚಲನ್ನು ಬಾಯಿಗೆ ಹಾಕಿಕೊಳ್ಳುತ್ತದೆ.

ವಾಸನೆಯ ಪಾತ್ರ ಇಲ್ಲಿ ದೊಡ್ಡದು. ಸಾಲ್ಮನ್ ತಾನು ಹುಟ್ಟಿದ ಹೊಳೆಯನ್ನು ಮೂಸಿಯೇ ಪತ್ತೆ ಮಾಡುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರಾದ ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ ಈ ವಿಚಾರವನ್ನು 1951ರಲ್ಲೇ ಮುಂದಿಟ್ಟಿದ್ದರು. 1956ರಲ್ಲಿ ಕೆನಡಾದ ಸಂಶೋಧಕರು ಇನ್ನೊಂದು ವಿಷಯ ಹೇಳಿದರು: ಮನುಷ್ಯರ, ಪ್ರಾಣಿಗಳ ಚರ್ಮದಲ್ಲಿರುವ ಎಲ್-ಸೆರೀನ್ ಎಂಬ ಅಮೈನೊ ಆಮ್ಲದ ವಾಸನೆ ಬಂದರೆ ಹೊಳೆ ಹತ್ತುವ ಸಾಲ್ಮನ್ ಹಿಂದೆ ಸರಿಯುತ್ತದೆ. ಹಳಬರು ಮೊಟ್ಟೆ ಮುಟ್ಟುವ ಮೊದಲು ಕೈಗವಸು ಹಾಕುವುದು ಬರೀ ಬಣ್ಣ ಅಂಟಬಾರದು ಅಂತಲ್ಲ. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಹಿಟ್ಟಿನ ಉಂಡೆ ಕಟ್ಟುತ್ತಿದ್ದವರಿಗೂ ಎರೆಯ ವಾಸನೆಯ ಬೆಲೆ ಗೊತ್ತಿತ್ತು ಬಿಡಿ.

ಮೊಟ್ಟೆ ತೆಗೆಯುವಾಗಲೇ ಅರ್ಧ ಕೆಲಸ

ಹೆಣ್ಣು ಸಾಲ್ಮನ್ ಹೊಟ್ಟೆಯಲ್ಲಿ ಮೊಟ್ಟೆಗಳು ತೆಳು ಪೊರೆಗೆ ಅಂಟಿಕೊಂಡ ಎರಡು ಉದ್ದನೆಯ ಗೊಂಚಲುಗಳಾಗಿರುತ್ತವೆ. ಇದಕ್ಕೆ ಸ್ಕೀನ್ ಎನ್ನುತ್ತಾರೆ. ಮೊಟ್ಟೆ ಇಡಲು ಇನ್ನೂ ಸಮಯವಿರುವ ಮೀನಿನಲ್ಲಿ ಪೊರೆ ಬಿಗಿ, ಮೊಟ್ಟೆ ಗಟ್ಟಿಯಾಗಿ ಅಂಟಿರುತ್ತದೆ. ಗೊಂಚಲಾಗಿ ಕತ್ತರಿಸಿ ಕೊಕ್ಕೆಗೆ ಹಾಕಲು ಇದೇ ಒಳ್ಳೆಯದು. ಮೊಟ್ಟೆ ಇಡುವ ಹೊತ್ತಿಗೆ ಅವು ಪೊರೆ ಬಿಟ್ಟು ಬಿಡಿಬಿಡಿಯಾಗುತ್ತವೆ. ಬಿಡಿ ಮೊಟ್ಟೆಯನ್ನು ಬಲೆ ಬಟ್ಟೆಯಲ್ಲಿ ಪುಟ್ಟ ಗಂಟು ಕಟ್ಟಿ ಬಳಸಬೇಕು. ಅಮೆರಿಕ-ಕೆನಡಾ ಗಡಿಯ ಗ್ರೇಟ್ ಲೇಕ್ಸ್ ಎಂಬ ದೊಡ್ಡ ಸರೋವರಗಳ ಕಡೆ ಈ ಗಂಟಿನದೇ ರಾಜ್ಯಭಾರ. ಅಲ್ಲಿನ ಸಾಲ್ಮನ್ ಮೂಲದವಲ್ಲ. 1966ರಲ್ಲಿ ಮಿಷಿಗನ್ ರಾಜ್ಯ ಕೋಹೋ ಎಂಬ ಜಾತಿಯ ಸಾಲ್ಮನ್ ಮರಿಗಳನ್ನು ಬಿಟ್ಟ ಮೇಲೆ ಬೆಳೆದದ್ದು.

ಮೀನು ಸಿಕ್ಕ ಕೂಡಲೇ ಕೊಂದು, ಕಿವಿರು ಕತ್ತರಿಸಿ ರಕ್ತ ಇಳಿಸಬೇಕು. ಇದನ್ನು ಮುಂದೂಡಿದರೆ ಸ್ಕೀನ್‌ನ ನರಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೊಟ್ಟೆ ಕೆಡುವುದು ಮೊದಲು ಆ ರಕ್ತದಿಂದಲೇ. ಉಳಿದ ರಕ್ತವನ್ನು ನರದ ತುದಿಯಲ್ಲಿ ಸಣ್ಣದಾಗಿ ಚುಚ್ಚಿ, ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ ಹೊರಗೆ ತಳ್ಳಿ, ಕಾಗದದ ಟವೆಲ್‌ನಿಂದ ಒರೆಸಿ.

ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಹೊಳೆ ನೀರಿನಲ್ಲೂ ಬೇಡ. ಮೀನನ್ನು ತೊಳೆದೇ ಅಭ್ಯಾಸವಾದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಕಾರಣ ಹೀಗಿದೆ. ಮೊಟ್ಟೆಯ ಹಳದಿಯಲ್ಲಿರುವ ಗ್ಲಾಬ್ಯುಲಿನ್ ಪ್ರೊಟೀನ್‌ಗಳು ಉಪ್ಪಿನ ಅಂಶ ಇದ್ದರಷ್ಟೇ ಕರಗಿರುತ್ತವೆ. ಸಿಹಿನೀರು ಒಳಗೆ ಹೋಗಿ ಉಪ್ಪಿನಂಶ ಇಳಿದರೆ ಅವು ಬಿಳಿಯಾಗಿ ಒಡೆದು ಕೂರುತ್ತವೆ. ಬಲಿತ ಮೊಟ್ಟೆಯಾದರೆ ನೀರು ತಗುಲಿದ ಕೂಡಲೇ ಹೊರಗಿನ ಕವಚವೂ ಬಿಗಿಯತೊಡಗುತ್ತದೆ. ಹೊಳೆಯ ಜಲ್ಲಿಯಲ್ಲಿ ಮೊಟ್ಟೆಯನ್ನು ಕಾಪಾಡಲು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು, ನಮಗೆ ಮಾತ್ರ ಬೇಡದ್ದು. ಮೀನು ಮರಿ ಮಾಡುವ ಹ್ಯಾಚರಿಗಳಲ್ಲೂ ಮೊಟ್ಟೆ ತೊಳೆಯಬೇಕಾದರೆ ಸಾದಾ ನೀರಿನ ಬದಲು ಉಪ್ಪುನೀರು ಬಳಸುವುದುಂಟು.

ಆದ್ದರಿಂದ ಒಣ ಟವೆಲ್‌ನಲ್ಲಿ ಸುತ್ತಿ, ಜಿಪ್ ಚೀಲಕ್ಕೆ ಹಾಕಿ, ಐಸ್ ಪೆಟ್ಟಿಗೆಯಲ್ಲಿ ಐಸ್ ಕರಗಿದ ನೀರು ತಾಕದ ಹಾಗೆ ಇಡಿ. ಅದೇ ದಿನ ಅಥವಾ ಮರುದಿನ ಕ್ಯೂರ್ ಮಾಡಿಬಿಡಿ.

ಡಬ್ಬಿಯೊಳಗೆ ಏನಾಗುತ್ತದೆ

ಮಾವಿನ ಮಿಡಿಗೆ ಉಪ್ಪು ಹಾಕಿಟ್ಟದ್ದನ್ನು ನೆನೆಸಿಕೊಳ್ಳಿ. ಮಿಡಿ ಸುಕ್ಕಾಗುತ್ತದೆ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಇಲ್ಲೂ ಮೊದಲ ಹಂತ ಅದೇ. ಹೊರಗೆ ಉಪ್ಪು, ಸಕ್ಕರೆ ಜಾಸ್ತಿ ಇರುವುದರಿಂದ ಮೊಟ್ಟೆಯ ನೀರು ಪೊರೆ ದಾಟಿ ಹೊರಬರುತ್ತದೆ. ಮೊಟ್ಟೆ ಕುಗ್ಗಿ ಚಪ್ಪಟೆಯಾಗುತ್ತದೆ, ಡಬ್ಬಿ ತುಂಬ ರಸ. ಹೊಸಬರು ಇದನ್ನು ನೋಡಿ ಹಾಳಾಯಿತು ಎಂದು ಎಸೆಯುತ್ತಾರೆ. ಎಸೆಯಬೇಡಿ. ಇನ್ನಷ್ಟು ಹೊತ್ತು ಬಿಟ್ಟರೆ ಉಪ್ಪು, ಸಕ್ಕರೆ, ಬಣ್ಣ ಮೆಲ್ಲಗೆ ಒಳಗೆ ಸೇರುತ್ತವೆ. ಉಪ್ಪು ಸೇರಿದ ಪ್ರೊಟೀನ್ ನೀರನ್ನು ಹಿಡಿದುಕೊಳ್ಳುತ್ತದೆ. ಹೊರಗಿನ ರಸದ ಒಂದಷ್ಟು ಪಾಲು ವಾಪಸ್ ಹೋಗಿ ಮೊಟ್ಟೆ ಮತ್ತೆ ಉಬ್ಬುತ್ತದೆ. ಇದಕ್ಕೆ ಸುಮಾರು 24ರಿಂದ 48 ಗಂಟೆ ಬೇಕು. ಈ ಬಗೆಯ ಹದ ರಸಭರಿತ, ನೀರಿಗೆ ಹಾಕಿದರೆ ವಾಸನೆ ಚೆನ್ನಾಗಿ ಬಿಡುತ್ತದೆ.

ಬೋರಾಕ್ಸ್ ಜಾಸ್ತಿ ಹಾಕಿ ಒಣಗಿಸುವುದು ಇನ್ನೊಂದು ದಾರಿ. ನಮ್ಮಲ್ಲಿ ಬಿಳಿಗಾರ ಎನ್ನುವ ಈ ಪುಡಿ ಅಲ್ಲಿ ಬಟ್ಟೆ ಒಗೆಯುವ ಸಾಮಾನಿನ ಜೊತೆ ಸಿಗುತ್ತದೆ. ಅದು ಕ್ಷಾರ, ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ, ಮೊಟ್ಟೆಯ ಹೊರಮೈಯನ್ನು ಗಟ್ಟಿ ಮಾಡುತ್ತದೆ. ರಸ ಕಡಿಮೆ, ಬಾಳಿಕೆ ಹೆಚ್ಚು. ಜೋರು ಸೆಳೆತವಿರುವ ಹೊಳೆಗೆ ಇದು, ನಿಧಾನದ ಮಡುವಿಗೆ ರಸದ್ದು ಎಂದಿಟ್ಟುಕೊಳ್ಳಬಹುದು.

ಶುರು ಮಾಡುವವರಿಗೆ ಸುಲಭದ ಅಳತೆ: ಬೋರಾಕ್ಸ್ ಎರಡು ಪಾಲು, ಅಯೋಡಿನ್ ಇಲ್ಲದ ಉಪ್ಪು ಒಂದು ಪಾಲು, ಸಕ್ಕರೆ ಒಂದು ಪಾಲು. ಬಣ್ಣಕ್ಕೆ ಸ್ಟ್ರಾಬೆರಿ ಅಥವಾ ರಾಸ್ಪ್‌ಬೆರಿ ಜೆಲ್ಲಿ ಪುಡಿ ಸೇರಿಸುವವರು ತುಂಬ ಜನ. ಅದರ ಜಿಲೆಟಿನ್ ಮೊಟ್ಟೆಗೆ ತುಸು ಅಂಟು ಕೊಡುತ್ತದೆ. ಸ್ಕೀನ್ ಅನ್ನು 2–3 ಸೆಂಟಿಮೀಟರ್ ತುಂಡು ಮಾಡಿ. ಪ್ರತಿ ತುಂಡಿಗೂ ಒಂದಿಷ್ಟು ಪೊರೆ ಉಳಿಯಬೇಕು, ಇಲ್ಲದಿದ್ದರೆ ಕೊಕ್ಕೆಗೆ ಹಿಡಿತವೇ ಇರುವುದಿಲ್ಲ. ಮೊಟ್ಟೆಗಳ ಸಂದಿಗೂ ಪುಡಿ ತಲುಪುವ ಹಾಗೆ ಉದುರಿಸಿ, ಮುಚ್ಚಿ, ತಂಪಾದ ಜಾಗದಲ್ಲಿಡಿ. ನಡುನಡುವೆ ಡಬ್ಬಿಯನ್ನು ಮೆಲ್ಲಗೆ ಉರುಳಿಸಿ. ಚಮಚ ಹಾಕಿ ಕಲಸಬೇಡಿ, ಮೊಟ್ಟೆ ಒಡೆಯುತ್ತವೆ. ರಸ ವಾಪಸ್ ಹೀರಿದ ಮೇಲೆ ಜಾಲರಿಯ ಮೇಲೆ ಹರಡಿ, ಬೆರಳಿಗೆ ಅಂಟುವಷ್ಟು ಆರಿಸಿ.

ಬಣ್ಣದ ಬಗ್ಗೆ ಜಗಳ ಮುಗಿಯುವುದಿಲ್ಲ. ತಿಳಿನೀರಿಗೆ ಸಹಜ ಕಿತ್ತಳೆ, ಕದಡಿದ ನೀರಿಗೆ ಎದ್ದು ಕಾಣುವ ಗುಲಾಬಿ ಅಥವಾ ಕೆಂಪು. ನನಗೆ ಇಷ್ಟು ಸಾಕು ಅನ್ನಿಸಿದೆ.

ಸಲ್ಫೈಟ್: ಇಲ್ಲಿ ಸ್ವಲ್ಪ ನಿಲ್ಲಿ

ಅಂಗಡಿಯ ಎಷ್ಟೋ ಕ್ಯೂರ್ ಪುಡಿಗಳಲ್ಲಿ ಸೋಡಿಯಂ ಸಲ್ಫೈಟ್ ಇರುತ್ತಿತ್ತು. ಅದು ಬಣ್ಣ ಮಂಕಾಗದಂತೆ, ಕೊಬ್ಬು ಗಾಳಿಗೆ ಕೆಡದಂತೆ ತಡೆಯುತ್ತದೆ. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಒರೆಗಾನ್‌ನಲ್ಲಿ ನಡೆದ, 2011ರ ಹೊತ್ತಿಗೆ ಪ್ರಕಟವಾದ ಪ್ರಯೋಗಗಳು ಬೇರೊಂದು ಮುಖ ತೋರಿಸಿದವು. ಹದ ಮಾಡಿದ ಮೊಟ್ಟೆಯನ್ನು ಸಾಲ್ಮನ್, ಸ್ಟೀಲ್‌ಹೆಡ್ ಮರಿಗಳಿಗೆ ತಿನ್ನಿಸಿದಾಗ ಒಂದಷ್ಟು ಮರಿಗಳು ಸತ್ತವು. ಯಾವ ಪದಾರ್ಥ ಕಾರಣ ಎಂದು ಹುಡುಕಿದಾಗ ಸಿಕ್ಕಿದ್ದು ಸಲ್ಫೈಟ್. ಆಮೇಲೆ ಒರೆಗಾನ್‌ನ ಮೀನು ಮತ್ತು ವನ್ಯಜೀವಿ ಇಲಾಖೆ ಪುಡಿ ತಯಾರಕರ ಜೊತೆ ಕೂತು ಸಲ್ಫೈಟ್ ತಗ್ಗಿಸುವ ಕಡೆಗೆ ಕೆಲಸ ಮಾಡಿತು.

ಯೋಚಿಸಿ ನೋಡಿ. ಕೊಕ್ಕೆಯಿಂದ ಉದುರಿದ, ದಡದಲ್ಲಿ ಕೂತು ನಾವು ನೀರಿಗೆ ಎಸೆದ ಮೊಟ್ಟೆ ಮರಿಗಳ ಹೊಟ್ಟೆಗೇ ಹೋಗುತ್ತದೆ. ದೊಡ್ಡ ಮೀನು ಹಿಡಿಯುವ ಆಸೆಯಲ್ಲಿ ಮುಂದಿನ ವರ್ಷಗಳ ಮೀನನ್ನು ಸಾಯಿಸಿದ ಹಾಗಾಯಿತು. ಪುಡಿ ಕೊಳ್ಳುವಾಗ ಚೀಟಿ ಓದಿ. ಸಲ್ಫೈಟ್ ಇಲ್ಲದ್ದು ಸಿಕ್ಕರೆ ಅದನ್ನೇ ತಗೊಳ್ಳಿ, ಇಲ್ಲವೇ ಮೇಲೆ ಹೇಳಿದ ಬೋರಾಕ್ಸ್ ಪಾಕ ಮಾಡಿ. ಸಲ್ಫೈಟ್ ಕೆಲವು ಆಸ್ತಮಾ ರೋಗಿಗಳಿಗೂ ಆಗುವುದಿಲ್ಲ. ಪುಡಿ ಉದುರಿಸುವಾಗ ಮೂಗು ಹತ್ತಿರ ಬೇಡ.

ಇನ್ನೊಂದು ಎಚ್ಚರಿಕೆ. ಈ ಮೊಟ್ಟೆ ನೋಡಲು ಸುಶಿ ಅಂಗಡಿಯ ಇಕುರಾದಂತೆಯೇ, ಅಂದರೆ ತಿನ್ನುವ ಸಾಲ್ಮನ್ ಮೊಟ್ಟೆಯಂತೆಯೇ ಇರುತ್ತದೆ. ಬೋರಾಕ್ಸ್ ಹೊಟ್ಟೆಗೆ ಹೋಗಬಾರದ ವಸ್ತು. ಡಬ್ಬಿಯ ಮೇಲೆ ದೊಡ್ಡದಾಗಿ ‘ಎರೆ, ತಿನ್ನಬೇಡಿ’ ಎಂದು ಬರೆಯಿರಿ. ಮಕ್ಕಳು, ನೆಂಟರು ಇರುವ ಮನೆಯಲ್ಲಿ ಅಡುಗೆಮನೆಯ ಫ್ರಿಜ್ಜೇ ಬೇಡ, ಗ್ಯಾರೇಜಿನಲ್ಲಿ ಬೇರೆ ಇಡಿ.

ಇಡುವುದು ಹೇಗೆ

ಕೆಲವು ವಾರಕ್ಕಾದರೆ 4 ಡಿಗ್ರಿಯೊಳಗಿನ ಫ್ರಿಜ್ ಸಾಕು. ಗಾಜಿನ ಬಾಟಲಿಯಲ್ಲಿ ಮೇಲೆ ಖಾಲಿ ಜಾಗ ಉಳಿಯದ ಹಾಗೆ ತುಂಬಿ. ಸಾಲ್ಮನ್ ಮೊಟ್ಟೆಯಲ್ಲಿ ಅಪರ್ಯಾಪ್ತ ಕೊಬ್ಬು ಹೆಚ್ಚು, ಗಾಳಿ ಸೋಕಿದಷ್ಟೂ ಕಮಟು ವಾಸನೆ ಬರುತ್ತದೆ. ಅದರ ಕಿತ್ತಳೆ ಬಣ್ಣ ಕೊಡುವ ಅಸ್ಟಾಕ್ಸಾಂಥಿನ್ ಕೂಡ ಗಾಳಿ, ಬೆಳಕಿಗೆ ಮಂಕಾಗುತ್ತದೆ.

ಮುಂದಿನ ಹಂಗಾಮಿಗೆ ಇಡಬೇಕಾದರೆ ಮೈನಸ್ 18 ಡಿಗ್ರಿಯ ಫ್ರೀಜರ್. ಇಲ್ಲಿ ಮತ್ತೆ ನೀರಿನ ಪ್ರಶ್ನೆ. ನೀರು ಹೆಪ್ಪುಗಟ್ಟುವಾಗ ಹರಳಾಗುತ್ತದೆ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಹರಳು ದೊಡ್ಡದು, ಅದು ಪೊರೆಯನ್ನು ಹರಿಯುತ್ತದೆ. ಕರಗಿಸಿದಾಗ ಅಂಬಲಿಯಂತಹ ರಾಡಿ ಸಿಗುವುದು ಅದಕ್ಕೇ. ಹಾಗಾಗಿ ಹಸಿ ಮೊಟ್ಟೆಗಿಂತ ಹದ ಮಾಡಿದ್ದು, ಅದರಲ್ಲೂ ಬೋರಾಕ್ಸ್‌ನಲ್ಲಿ ಆರಿಸಿದ್ದು ಫ್ರೀಜರ್‌ನಲ್ಲಿ ಚೆನ್ನಾಗಿ ಉಳಿಯುತ್ತದೆ. ನೀರು ಕಡಿಮೆ, ಉಪ್ಪು ಜಾಸ್ತಿ. ಪೊಟ್ಟಣ ತೆಳ್ಳಗಿರಲಿ, ಬೇಗ ತಣ್ಣಗಾಗುತ್ತದೆ. ವ್ಯಾಕ್ಯೂಮ್ ಯಂತ್ರ ಇದ್ದರೆ ಒಂದು ಉಪಾಯ: ಮೊದಲು ತಟ್ಟೆಯಲ್ಲಿ ಹರಡಿ ಗಟ್ಟಿ ಮಾಡಿ, ಆಮೇಲೆ ಗಾಳಿ ಎಳೆಯಿರಿ. ಮೆತ್ತಗಿರುವಾಗಲೇ ಎಳೆದರೆ ರಸವೆಲ್ಲ ಯಂತ್ರಕ್ಕೆ ಹೋಗುತ್ತದೆ.

ಒಂದು ದಿನಕ್ಕೆ ಬೇಕಾದಷ್ಟೇ ಒಂದೊಂದು ಪೊಟ್ಟಣ. ಮೇಲೆ ತಾರೀಕು, ಯಾವ ಮೀನು, ಯಾವ ಪಾಕ ಬರೆಯಿರಿ. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ ಕರಗಿಸಿ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ನಿಯಮ ನೋಡಿಕೊಂಡೇ

ವಾಷಿಂಗ್ಟನ್‌ನ ಎಷ್ಟೋ ಹೊಳೆಗಳಲ್ಲಿ ‘ಸೆಲೆಕ್ಟಿವ್ ಗೇರ್’ ನಿಯಮ ಇರುತ್ತದೆ. ಅಲ್ಲಿ ಎರೆಯನ್ನೇ ಬಳಸುವಂತಿಲ್ಲ. ತುಂಬ ಕಡೆ ಬೆನ್ನಿನ ಹಿಂಭಾಗದ ಪುಟ್ಟ ಅಡಿಪೋಸ್ ರೆಕ್ಕೆ ಕತ್ತರಿಸಿರುವ ಹ್ಯಾಚರಿ ಮೀನನ್ನಷ್ಟೇ ಇಟ್ಟುಕೊಳ್ಳಬಹುದು, ಕಾಡು ಮೀನನ್ನು ಬಿಡಬೇಕು. ಮೊಟ್ಟೆಗೋಸ್ಕರ ಮೀನು ಸೀಳಿ ಮಾಂಸ ಬಿಸಾಡುವುದು ಅಲಾಸ್ಕಾದಲ್ಲಿ ಅಪರಾಧ, ಉಳಿದ ಕಡೆಯೂ ಯಾರೂ ಮೆಚ್ಚುವುದಿಲ್ಲ.

ಒಂದು ಕಡೆಯ ಮೊಟ್ಟೆಯನ್ನು ಇನ್ನೊಂದು ಕಡೆಗೆ ಒಯ್ಯುವ ಮೊದಲೂ ನಿಯಮ ಓದಿ. ವಿಎಚ್‌ಎಸ್ ಎಂಬ ಮೀನಿನ ವೈರಸ್ ರೋಗ 2005ರಲ್ಲಿ ಗ್ರೇಟ್ ಲೇಕ್ಸ್‌ನಲ್ಲಿ ಪತ್ತೆಯಾದ ಮೇಲೆ ಆ ಕಡೆ ಎರೆಯ ಸಾಗಾಟಕ್ಕೆ ಬಿಗಿ ಬಂದಿದೆ. ಫ್ರೀಜ್ ಮಾಡಿದರೆ ವೈರಸ್ ಸಾಯುತ್ತದೆ ಎಂದು ನಂಬಬೇಡಿ.

ಕೊಕ್ಕೆಗೆ ಹಾಕುವಾಗ

ಎಗ್ ಲೂಪ್ ಗಂಟು ಕಲಿಯಿರಿ. ದಾರವನ್ನು ಕೊಕ್ಕೆಯ ಕಾಂಡದ ಉದ್ದಕ್ಕೂ ಸುತ್ತಿರುತ್ತದೆ. ದಾರವನ್ನು ಹಿಂದಕ್ಕೆ ತಳ್ಳಿದರೆ ಕುಣಿಕೆ ತೆರೆಯುತ್ತದೆ, ತುಂಡಿನ ಪೊರೆಯನ್ನು ಅದರೊಳಗೆ ತೂರಿಸಿ ಎಳೆದರೆ ಬಿಗಿಯುತ್ತದೆ. ಮೊಟ್ಟೆಗೆ ಕೊಕ್ಕೆ ಚುಚ್ಚುವ ಅಗತ್ಯವೇ ಇಲ್ಲ.

ನೀರಿಗೆ ಬಿದ್ದ ಎರೆಯಿಂದ ಹಾಲಿನಂತಹ ಬಿಳಿ ಎಳೆ ಹೊರಡುತ್ತದೆ. ತೊಳೆಯಬೇಡಿ ಎಂದಾಗ ಹೇಳಿದ ಗ್ಲಾಬ್ಯುಲಿನ್ ಲೆಕ್ಕವೇ ಇದು: ಉಪ್ಪಿನ ರಸ ಸಿಹಿನೀರಿಗೆ ಸೇರಿ ಪ್ರೊಟೀನ್ ಬಿಳಿಯಾಗುತ್ತದೆ. ಮನೆಯಲ್ಲಿ ಬೇಡವಾಗಿದ್ದು ಹೊಳೆಯಲ್ಲಿ ಬೇಕು, ಯಾಕೆಂದರೆ ಮೀನಿಗೆ ಸುಳಿವು ಕೊಡುವುದೇ ಆ ರಸ. ಅದು ನಿಂತು ಎರೆ ಪೂರ್ತಿ ಬೆಳ್ಳಗಾದರೆ ಹೊಸ ತುಂಡು ಹಾಕಿ. ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಮನೆಯ ಕಸದ ಬುಟ್ಟಿಗೆ ಸೇರಿಸಿ, ನೀರಿಗೆ ಎಸೆಯಬೇಡಿ.