ಡಿಎಸ್ಎಲ್ಆರ್‌ನಿಂದ ಮಿರರ್‌ಲೆಸ್‌ಗೆ: ಕನ್ನಡಿ ಹೋದ ಮೇಲೆ ಲೆನ್ಸಿನ ಲೆಕ್ಕ

ಲಗ್ನಸರಾಯಿ ಹತ್ತಿರ ಬಂದಾಗಲೆಲ್ಲ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಛಾಯಾಗ್ರಾಹಕರ ಮಾತು ಈಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಕೈಯಲ್ಲಿರುವ ಡಿಎಸ್ಎಲ್ಆರ್ ಕ್ಯಾಮೆರಾವನ್ನು ಇನ್ನೆರಡು ಹಂಗಾಮು ದುಡಿಸಬೇಕೇ, ಇಲ್ಲವೇ ಅದರ ಬೆಲೆ ಇನ್ನಷ್ಟು ಇಳಿಯುವ ಮೊದಲೇ ಮಾರಿ ಮಿರರ್‌ಲೆಸ್‌ ಕೊಳ್ಳಬೇಕೇ? ಸಲಹೆ ಕೊಡುವವರು ಫೋಕಸ್ ಬಗ್ಗೆ ಹೇಳುತ್ತಾರೆ, ಬ್ಯಾಟರಿ ಬಗ್ಗೆ ಹೇಳುತ್ತಾರೆ, ಸಾಲದ ಕಂತಿನ ಬಗ್ಗೆಯೂ ಹೇಳುತ್ತಾರೆ. ಎಲ್ಲವೂ ನಿಜವೇ ಆದರೂ ಕೇಳಿದವರ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ಭಾವಿಸಿರುವುದು ಇದಕ್ಕೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಕ್ಯಾಮೆರಾದೊಳಗಿನ ಕನ್ನಡಿ ಹೋದದ್ದು ಒಂದು ಸಂಗತಿ; ಅದರ ಜೊತೆಗೇ ಲೆನ್ಸ್ ಕೂಡಿಸುವ ಮೌಂಟ್ ಬದಲಾದದ್ದು ಇನ್ನೊಂದು. ಮೊದಲನೆಯದು ಚಿತ್ರ ತೆಗೆಯುವ ಬಗೆಯನ್ನು ಬದಲಿಸಿತು, ಎರಡನೆಯದು ಛಾಯಾಗ್ರಾಹಕರ ಬಂಡವಾಳವನ್ನು ಅಲುಗಾಡಿಸಿತು.

ಡಿಎಸ್ಎಲ್ಆರ್‌ನಲ್ಲಿ ಲೆನ್ಸಿನಿಂದ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ಬಡಿದು, ಮೇಲಿನ ಐದು ಮುಖದ ಗಾಜಿನ ಮೂಲಕ ನಮ್ಮ ಕಣ್ಣಿಗೆ ತಲುಪುತ್ತದೆ. ಅದರಲ್ಲಿ ಒಂದಿಷ್ಟು ಬೆಳಕು ಕನ್ನಡಿಯನ್ನು ದಾಟಿ, ಕೆಳಗಿರುವ ಫೋಕಸ್ ಸೆನ್ಸರ್‌ಗೆ ಹೋಗುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಕಣ್ಣಿಗೆ ಕ್ಷಣಕಾಲ ಕತ್ತಲಾಗುತ್ತದೆ, ಆಗ ಮಾತ್ರ ಚಿತ್ರ ಹಿಡಿಯುವ ಮುಖ್ಯ ಸೆನ್ಸರ್ ದೃಶ್ಯವನ್ನು ಕಾಣುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲದ ಕಾರಣ ಸೆನ್ಸರ್ ಸದಾ ನೋಡುತ್ತಲೇ ಇರುತ್ತದೆ, ಫೋಕಸ್ ಕೆಲಸವನ್ನೂ ತಾನೇ ಮಾಡುತ್ತದೆ, ಕಣ್ಣಿಗೆ ಕಾಣುವುದು ಪುಟ್ಟ ಪರದೆಯ ಮೇಲಿನ ಚಿತ್ರ.

ಇತಿಹಾಸವನ್ನು ಚಿಕ್ಕದಾಗಿ ಹೇಳುವುದಾದರೆ, 1959ರಲ್ಲಿ ಕನ್ನಡಿಯುಳ್ಳ ಫಿಲ್ಮ್ ಕ್ಯಾಮೆರಾ ನಿಕಾನ್ ಎಫ್ ಬಂದಿತು, 1991ರಲ್ಲಿ ನಿಕಾನ್‌ನದೇ ಎಫ್3 ಕ್ಯಾಮೆರಾದ ಬಾಡಿಗೆ, ಅಂದರೆ ಲೆನ್ಸ್ ಬಿಟ್ಟು ಉಳಿದ ಭಾಗಕ್ಕೆ, ಕೊಡಾಕ್ ಡಿಜಿಟಲ್ ಸೆನ್ಸರ್ ಕೂಡಿಸಿತು, 1999ರಲ್ಲಿ ನಿಕಾನ್ ಡಿ1 ಬಂದಿತು, 2003ರಲ್ಲಿ ಕೆನಾನ್‌ನ 300ಡಿ ಬಂದ ಮೇಲೆ ಡಿಎಸ್ಎಲ್ಆರ್ ಸಣ್ಣ ಊರಿನ ಸ್ಟುಡಿಯೊಗಳಿಗೂ ಕೈಗೆಟುಕತೊಡಗಿತು. ಆ ಕಾಲದಲ್ಲಿ ಹೋದದ್ದು ರೋಲ್, ಡಾರ್ಕ್ ರೂಮ್, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಟಚಿಂಗ್ ಮಾಡುವ ಕೈಚಳಕ. ಅದೇನು ಸಣ್ಣ ನಷ್ಟವಲ್ಲ. ಆದರೆ ಲೆನ್ಸ್ ಉಳಿಯಿತು. ನಿಕಾನ್‌ನ ಎಫ್ ಮೌಂಟ್ 1959ರದು, ಕೆನಾನ್‌ನ ಇಎಫ್ ಮೌಂಟ್ 1987ರದು; ಫಿಲ್ಮ್ ಕ್ಯಾಮೆರಾಕ್ಕೆಂದು ಕೊಂಡ 50 ಎಂಎಂ ಲೆನ್ಸನ್ನು ಡಿಜಿಟಲ್ ಬಾಡಿಗೆ ತಿರುಗಿಸಿ ಕೂಡಿಸಿ, ಮರುದಿನವೇ ಮದುವೆಗೆ ಹೋದವರು ನಮ್ಮಲ್ಲಿ ಎಷ್ಟೋ ಜನ. ಬಾಡಿ ಬದಲಾಗುತ್ತದೆ, ಲೆನ್ಸ್ ಬಾಳಿಕೆ ಬರುತ್ತದೆ ಎಂಬ ನಂಬಿಕೆ ಈ ವೃತ್ತಿಯಲ್ಲಿ ಬೇರೂರಿದ್ದು ಹೀಗೆ. ಹಂಗಾಮಿಗೊಂದರಂತೆ ಕೊಂಡ ಲೆನ್ಸುಗಳು ಅನೇಕರ ಪಾಲಿಗೆ ಮನೆಯ ಬಂಗಾರದಂತಿದ್ದವು.

2008ರಲ್ಲಿ ಎರಡು ಘಟನೆಗಳು ನಡೆದವು, ಒಂದನ್ನು ಎಲ್ಲರೂ ಗಮನಿಸಿದರು, ಇನ್ನೊಂದನ್ನು ಇಲ್ಲಿ ಬಹುತೇಕ ಯಾರೂ ಗಮನಿಸಲಿಲ್ಲ. ನಿಕಾನ್ ಡಿ90 ಮತ್ತು ಕೆನಾನ್ 5ಡಿ ಮಾರ್ಕ್ 2 ಕ್ಯಾಮೆರಾಗಳು ಡಿಎಸ್ಎಲ್ಆರ್‌ಗೆ ವಿಡಿಯೊ ತಂದವು. ಅಲ್ಲಿಯವರೆಗೆ ಮದುವೆ ಮಂಟಪದಲ್ಲಿ ಹೆಗಲ ಮೇಲೆ ದೊಡ್ಡ ವಿಡಿಯೊ ಕ್ಯಾಮೆರಾ ಹೊತ್ತವರು ಒಂದೆಡೆ, ವೈರಿನ ಲೈಟು ಹಿಡಿದ ಹುಡುಗ ಅವರ ಹಿಂದೆ, ಫೋಟೊದವರು ಇನ್ನೊಂದೆಡೆ ಇರುತ್ತಿದ್ದರು. ಆ ಗೆರೆ ಅಳಿಸಿತು. ಆದರೆ ವಿಡಿಯೊ ತೆಗೆಯುವಾಗ ಕನ್ನಡಿಯನ್ನು ಮೇಲೆತ್ತಿಯೇ ಇಡಬೇಕು, ಕೆಳಗಿನ ಫೋಕಸ್ ಸೆನ್ಸರ್‌ಗೆ ಆಗ ಬೆಳಕೇ ಸಿಗುವುದಿಲ್ಲ, ಹೀಗಾಗಿ ಲೆನ್ಸಿನ ಉಂಗುರವನ್ನು ಕೈಯಿಂದ ತಿರುಗಿಸುತ್ತ ಫೋಕಸ್ ಮಾಡಬೇಕಾಗುತ್ತಿತ್ತು. ಅಂದರೆ ಡಿಎಸ್ಎಲ್ಆರ್‌ನಲ್ಲಿ ವಿಡಿಯೊ ಶುರುವಾದ ದಿನವೇ ಕನ್ನಡಿ ಅಡ್ಡಿಯಾಗಿತ್ತು. ಅದೇ ವರ್ಷ ಪ್ಯಾನಸೋನಿಕ್ ಜಿ1 ಎಂಬ ಕನ್ನಡಿಯಿಲ್ಲದ ಕ್ಯಾಮೆರಾ ಹೊರಬಂದಿತ್ತು. 2013ರಲ್ಲಿ ಸೋನಿಯ ಮಿರರ್‌ಲೆಸ್ ಎ7 ಕ್ಯಾಮೆರಾ, 35 ಎಂಎಂ ಫಿಲ್ಮಿನಷ್ಟೇ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರ್‌ನೊಂದಿಗೆ ಬಂದಾಗಲೂ ನಮ್ಮ ಕಡೆಯವರು ಬ್ಯಾಟರಿ ಲೆಕ್ಕ ಹಾಕಿ ಹಿಂಜರಿದರು: ಮಾನಕ ಪರೀಕ್ಷೆಯಲ್ಲಿ, ಮರುವರ್ಷ ಬಂದ ಡಿಎಸ್ಎಲ್ಆರ್ ನಿಕಾನ್ ಡಿ750 ಒಂದು ಚಾರ್ಜಿಗೆ 1230 ಚಿತ್ರ ಕೊಟ್ಟರೆ ಎ7 ಕೊಡುತ್ತಿದ್ದುದು 340. ಅರಿಶಿಣದಿಂದ ಸುರಗಿಯವರೆಗೆ ಬಿಡುವಿಲ್ಲದೆ ನಡೆಯುವ ಮದುವೆಗೆ ಇದು ಸಾಲದೆಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಲೆಕ್ಕ ತಿರುಗಿದ್ದು 2018ರಲ್ಲಿ. ಆ ಒಂದೇ ವರ್ಷದಲ್ಲಿ ದೊಡ್ಡ ಬ್ಯಾಟರಿಯ ಸೋನಿ ಎ7 3, ನಿಕಾನ್ ಝಡ್6 ಮತ್ತು ಝಡ್7, ಕೆನಾನ್ ಇಒಎಸ್ ಆರ್ ಎಂಬ ಮಿರರ್‌ಲೆಸ್ ಕ್ಯಾಮೆರಾಗಳು ಹೊರಬಂದವು. ಕನ್ನಡಿಗೆ ಜಾಗ ಬಿಡುವ ಅಗತ್ಯವಿಲ್ಲದ್ದರಿಂದ ಮೌಂಟಿಗೂ ಸೆನ್ಸರ್‌ಗೂ ನಡುವಿನ ಅಂತರ ನಿಕಾನ್‌ನಲ್ಲಿ 46.5 ಮಿಲಿಮೀಟರ್‌ನಿಂದ 16ಕ್ಕೆ, ಕೆನಾನ್‌ನಲ್ಲಿ 44ರಿಂದ 20ಕ್ಕೆ ಇಳಿಯಿತು. ಲೆನ್ಸ್ ರೂಪಿಸುವವರಿಗೆ ಇದರಿಂದ ಹೊಸ ಸಾಧ್ಯತೆಗಳು ತೆರೆದದ್ದು ನಿಜ, ಆ ಲೆನ್ಸುಗಳ ಗುಣವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಳೆಯ ಲೆನ್ಸ್ ನೇರವಾಗಿ ಕೂಡುವುದು ನಿಂತಿತು. ನಡುವೆ ಅಡಾಪ್ಟರ್ ಬೇಕಾಯಿತು. ಕೆನಾನ್‌ನವರಿಗೆ ಅದು ಅಷ್ಟಾಗಿ ತೊಡಕಾಗಲಿಲ್ಲ, ಅವರ ಇಎಫ್ ಲೆನ್ಸುಗಳೊಳಗೇ ಫೋಕಸ್ ಮಾಡುವ ಮೋಟಾರು ಇತ್ತು. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸುಗಳನ್ನು ತಿರುಗಿಸುವ ಮೋಟಾರು ಇದ್ದದ್ದು ಬಾಡಿಯಲ್ಲಿ. ಅದರ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಅಂಥ ಮೋಟಾರು ಇರಲಿಲ್ಲ. ಪರಿಣಾಮವಾಗಿ ವರ್ಷಗಟ್ಟಲೆ ಅನ್ನ ಕೊಟ್ಟ ಲೆನ್ಸುಗಳು ಹೊಸ ಬಾಡಿಯ ಮೇಲೆ ತಾವಾಗಿ ಫೋಕಸ್ ಮಾಡದಾದವು. ಬಾಡಿಯ ಬೆಲೆಯೇ 1.5 ಲಕ್ಷ ರೂಪಾಯಿ ದಾಟಿದ್ದಾಗ, ಅದರ ಮೇಲೆ ಎರಡು ಮೂರು ಲೆನ್ಸುಗಳನ್ನೂ ಹೊಸದಾಗಿ ಕೊಳ್ಳಬೇಕೆಂದರೆ ಅದು ಖರೀದಿಯಾಗಿ ಉಳಿಯದೆ ಸಾಲವಾಯಿತು. 2019ರ ಜನವರಿಯಿಂದ ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದು ಅನೇಕರಿಗೆ ಧೈರ್ಯ ಕೊಟ್ಟಿತು, ಕೆಲವರು ಕಂತಿನ ಮೇಲೆ ಕೊಂಡರು.

ಮರುವರ್ಷವೇ ಲಾಕ್‌ಡೌನ್ ಬಂದಿತು. 2020ರ ಮಾರ್ಚ್ ಕೊನೆಯಲ್ಲಿ, ಯುಗಾದಿ ಮುಗಿದು ಮುಹೂರ್ತಗಳು ಆರಂಭವಾಗುವ ಹೊತ್ತಿಗೆ ಕಲ್ಯಾಣ ಮಂಟಪಗಳು ಮುಚ್ಚಿದವು. ಮುಂದೆ 50 ಜನರ ಮಿತಿಯೊಂದಿಗೆ ಮದುವೆಗಳು ಮನೆಯಂಗಳದಲ್ಲಿ ನಡೆದವು. ಆಲ್ಬಂ ಬೇಡ, ಬರಲಾಗದ ಬಂಧುಗಳಿಗೆ ಲೈವ್ ತೋರಿಸಿ ಎಂದರು. ಕೆಲಸವಿಲ್ಲದ ತಿಂಗಳುಗಳಲ್ಲಿ ಕ್ಯಾಮೆರಾ ಮಾರಿ ದಿನಸಿ ತಂದವರನ್ನು ನಾನು ಬಲ್ಲೆ. ಮತ್ತೆ ಮದುವೆಗಳು ತುಂಬಿ ಬಂದಾಗ ಬೇಡಿಕೆಯ ರೂಪವೇ ಬೇರೆಯಾಗಿತ್ತು: ಪ್ರಿ-ವೆಡ್ಡಿಂಗ್ ವಿಡಿಯೊ, ಅಂದೇ ಸಂಜೆಗೆ ರೀಲ್ಸ್, ಪೋಸ್ ಇಲ್ಲದ ಸಹಜ ಚಿತ್ರಗಳ ಕ್ಯಾಂಡಿಡ್. ಮದುವೆ ಮನೆಯವರು ಕ್ಯಾಮೆರಾದ ಹೆಸರು ಹಿಡಿದು ವಿಚಾರಿಸತೊಡಗಿದರು. ಅದಕ್ಕಿಂತ ಬಲವಾದ ಒತ್ತಡ ವೃತ್ತಿಯ ಒಳಗಿನಿಂದಲೇ ಬಂದಿತು. ಒಂದು ಮದುವೆಗೆ ನಾಲ್ಕು ಕ್ಯಾಮೆರಾ ಕಳಿಸುವ ಸ್ಟುಡಿಯೊ ಎಡಿಟಿಂಗ್‌ನಲ್ಲಿ ಬಣ್ಣ ಹೊಂದಲೆಂದು ನಾಲ್ಕೂ ಒಂದೇ ಕಂಪನಿಯವು ಇರಲಿ ಎನ್ನುತ್ತದೆ, ಅದು ಅಸಮಂಜಸವಾದ ಬೇಡಿಕೆಯೇನಲ್ಲ. ಆದರೆ ದಿನದ ಪಗಾರಕ್ಕೆ ಹೋಗುವ ಹಾವೇರಿಯ ಅಥವಾ ಶಿಗ್ಗಾವಿಯ ಹುಡುಗನಿಗೆ, ಇರುವ ಕ್ಯಾಮೆರಾ ಚೆನ್ನಾಗಿದ್ದರೂ ಕರೆ ಬರುವುದು ನಿಲ್ಲುತ್ತದೆ.

ಹೊಸ ಕ್ಯಾಮೆರಾ ಕೊಡುವ ನೆಮ್ಮದಿಯನ್ನು ಹೇಳದಿದ್ದರೆ ಅನ್ಯಾಯವಾದೀತು. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಡಿಎಸ್ಎಲ್ಆರ್‌ನ ಫೋಕಸ್ ಹಾರುವ ಕಾಳಿಗೋ ಅಡ್ಡ ಬಂದ ಕೈಗೋ ಸಿಕ್ಕಿಕೊಳ್ಳುತ್ತಿತ್ತು, ಆ ಗಳಿಗೆ ಮರಳಿ ಬರುವುದಿಲ್ಲ. ಮಿರರ್‌ಲೆಸ್ ಆ ಮಳೆಯ ನಡುವೆಯೂ ಮದುಮಗಳ ಕಣ್ಣನ್ನು ಬಹುಮಟ್ಟಿಗೆ ಹಿಡಿದೇ ಇರುತ್ತದೆ. ಧಾರವಾಡದ, ಕುಂದಗೋಳದ ಸಂಗೀತ ಸಭೆಗಳಲ್ಲಿ ಗಾಯಕರು ಆಲಾಪದ ಕೆಳಸ್ವರದಲ್ಲಿರುವಾಗ ಕನ್ನಡಿಯ ಸಪ್ಪಳ ಮಾಡಿ ನಾಚಿಕೆಪಟ್ಟವರಿಗೆ ಸದ್ದಿಲ್ಲದ ಶಟರ್‌ನ ಬೆಲೆ ಗೊತ್ತು. ಆದರೆ ಅದೇ ಸದ್ದಿಲ್ಲದ ಶಟರ್ ಎಲ್ಇಡಿ ದೀಪಗಳ ಕೆಳಗೆ ಚಿತ್ರದ ತುಂಬ ಪಟ್ಟಿಗಳನ್ನು ಮೂಡಿಸಬಲ್ಲದು, ಸೆನ್ಸರ್ ದೃಶ್ಯವನ್ನು ಸಾಲು ಸಾಲಾಗಿ ಓದುವುದರಿಂದ. ನಮ್ಮ ಬೇಸಿಗೆಯ ಧೂಳಿನಲ್ಲಿ ಲೆನ್ಸ್ ಬದಲಿಸುವಾಗ, ಕನ್ನಡಿಯ ಮರೆಯಿಲ್ಲದ ಸೆನ್ಸರ್ ಮೇಲೆ ಕಸ ಕೂರುವುದೂ ಹೆಚ್ಚು. ಬಾಡಿಯನ್ನು ನೆಲಮುಖವಾಗಿ ಹಿಡಿದು ಬದಲಿಸುವುದನ್ನು ಎಲ್ಲರೂ ರೂಢಿಸಿಕೊಳ್ಳುತ್ತಿದ್ದಾರೆ.

ಕೆನಾನ್‌ನ 1ಡಿಎಕ್ಸ್ ಮಾರ್ಕ್ 3, ನಿಕಾನ್‌ನ ಡಿ6 ಎರಡೂ 2020ರಲ್ಲಿ ಬಂದ ಮೇಲ್ದರ್ಜೆಯ ಡಿಎಸ್ಎಲ್ಆರ್‌ಗಳು. ಆ ದರ್ಜೆಯ ಹೊಸ ಡಿಎಸ್ಎಲ್ಆರ್ ಅನ್ನು ಆ ಕಂಪನಿಗಳು ಅನಂತರ ತಂದಿಲ್ಲ. ಆದರೂ ಪಾಸ್‌ಪೋರ್ಟ್ ಫೋಟೊಕ್ಕೆ, ಶಾಲೆಯ ಗುಂಪುಚಿತ್ರಕ್ಕೆ, ಸ್ಟುಡಿಯೊದ ಸ್ಥಿರ ಬೆಳಕಿಗೆ ಹಳೆಯ ಬಾಡಿಯಲ್ಲಿ ಯಾವ ಕೊರತೆಯೂ ಇಲ್ಲ, ಮತ್ತು ಅಂಥ ಕೆಲಸವೇ ಹೆಚ್ಚಿರುವವರು ಸಾಲ ಮಾಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಬದಲಿಸುವವರೂ ಈಗ ಒಮ್ಮೆಗೇ ಎಲ್ಲವನ್ನೂ ಮಾರುತ್ತಿಲ್ಲ. ಮೊದಲು ಬಾಡಿ ಮತ್ತು ಅಡಾಪ್ಟರ್, ಆಮೇಲೆ ಮಂಟಪಕ್ಕೆಂದು ಒಂದು 35 ಅಥವಾ 50 ಎಂಎಂ, ಎಲ್ಲಕ್ಕಿಂತ ದುಬಾರಿಯಾದ ಉದ್ದ ಲೆನ್ಸ್ ಕೊನೆಗೆ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆಗೆ ಹೋದರೆ, ಹೊಲಗಳಲ್ಲಿ ಮೇದು ಮರಳುವ ಪಟ್ಟೆತಲೆ ಹೆಬ್ಬಾತುಗಳತ್ತ ಹೊಸ ಬಾಡಿಗೆ ಅಡಾಪ್ಟರ್ ಹಾಕಿ, ಬಣ್ಣ ಸವೆದ ಹಳೆಯ ಉದ್ದ ಲೆನ್ಸನ್ನೇ ಕೂಡಿಸಿಕೊಂಡು ಕಾಯುತ್ತ ಕುಳಿತವರು ಕಾಣುತ್ತಾರೆ.