ಯಾಣದ ಕಪ್ಪು ಬಂಡೆ ಜ್ವಾಲಾಮುಖಿಯಿಂದ ಆದದ್ದಾ?

ಪ್ರಶ್ನೆ: ಮೊನ್ನೆ ಶಿರಸಿಯಿಂದ ಯಾಣಕ್ಕೆ ಹೋಗಿದ್ದೆವು. ಕಲ್ಲು ಸುಟ್ಟು ಕರಕಲಾದ ಹಾಗಿದೆ. ಹಳೇ ಜ್ವಾಲಾಮುಖಿಯ ಲಾವಾ ಗಟ್ಟಿಯಾಗಿ ಹೀಗಾಗಿದ್ದು ಅಂತ ಜೊತೆಗಿದ್ದವರು ಹೇಳಿದರು. ಹೌದಾ? ಆ ಕಲ್ಲನ್ನು ಹತ್ತಬಹುದಾ?

ಉತ್ತರ: ಅಲ್ಲ. ಯಾಣದ್ದು ಸುಣ್ಣದ ಕಲ್ಲು. ಅದಕ್ಕೆ ಈ ಆಕಾರ ಕೊಟ್ಟಿದ್ದು ಬೆಂಕಿಯಲ್ಲ, ನಮ್ಮ ಮಳೆ.

ಆದರೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ 90 ಮೀಟರ್. ಹಸಿರು ಕಾಡಿನ ನಡುವೆ ಅಷ್ಟೆತ್ತರದ ಕಪ್ಪು ಕಲ್ಲು, ತುದಿಯೆಲ್ಲ ಚೂಪು. ಸಾಲದ್ದಕ್ಕೆ ಭಸ್ಮಾಸುರ ಉರಿದು ಬೂದಿಯಾದದ್ದು ಇಲ್ಲೇ, ಸುತ್ತಲಿನ ಕಪ್ಪು ಮಣ್ಣು ಅವನ ಬೂದಿಯೇ ಎಂಬ ಕತೆ ಬೇರೆ. ಇಷ್ಟು ಕೇಳಿದ ಮೇಲೆ ಜ್ವಾಲಾಮುಖಿ ನೆನಪಾಗದೆ ಇರುತ್ತದಾ?

ನಮ್ಮ ಕಡೆಗೆ ಹತ್ತಿರದ ದೊಡ್ಡ ಲಾವಾ ಹಾಸು ಅಂದರೆ ದಖ್ಖನ್ ಪ್ರಸ್ಥಭೂಮಿಯದು. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಉಕ್ಕಿದ್ದು. ಈಗ ಉಳಿದಿರುವ ಅದರ ದಕ್ಷಿಣದ ಅಂಚು ಬೆಳಗಾವಿ ಸುತ್ತಮುತ್ತ ಮುಗಿದುಹೋಗುತ್ತದೆ. ಯಾಣದ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಧಾರವಾಡ ಶಿಲೆಗಳು ಅಂತ ಕರೆಯುವ, 200 ಕೋಟಿ ವರ್ಷಕ್ಕೂ ಹಿಂದಿನ ಗುಂಪಿಗೆ ಸೇರಿದ್ದು.

ಇನ್ನು ಮಳೆಯ ಕೆಲಸ. ಮಳೆನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಕಾಡಿನ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗುತ್ತದೆ. ಸೋಡಾದಲ್ಲಿರುವ ಆಮ್ಲವೇ, ಆದರೆ ಇನ್ನೂ ತೆಳು. ಬೇರೆ ಕಲ್ಲಿಗೆ ಇದು ಅಷ್ಟಾಗಿ ತಾಗುವುದಿಲ್ಲ. ಸುಣ್ಣದ ಕಲ್ಲು ಮಾತ್ರ ನಿಧಾನಕ್ಕೆ ಕರಗಿ ನೀರಿನ ಜೊತೆ ಹೊರಟೇ ಹೋಗುತ್ತದೆ. ಬಿರುಕಿದ್ದಲ್ಲಿ ನೀರು ಮೊದಲು ಇಳಿಯುತ್ತದೆ. ಬಿರುಕು ಸಂದಿಯಾಗುತ್ತದೆ, ಸಂದಿ ಗುಹೆಯಾಗುತ್ತದೆ. ಕರಗದೆ ಉಳಿದದ್ದು ಮೊನೆಯಾಗಿ ನಿಲ್ಲುತ್ತದೆ. ದೇವಸ್ಥಾನದ ಹಿಂದೆ ಬಂಡೆಯೊಳಗೆ ಹೊಕ್ಕು ಸುತ್ತು ಬರುತ್ತೀರಲ್ಲ, ತಲೆಯೆತ್ತಿದರೆ ಆಕಾಶ ಕಾಣುವ ಜಾಗ, ಅದು ಆದದ್ದು ಹೀಗೆ. ಭೈರವೇಶ್ವರನ ಲಿಂಗದ ಮೇಲೆ ತೊಟ್ಟಿಕ್ಕುವ ನೀರೂ ಈ ಕಲ್ಲಿನೊಳಗಿಂದಲೇ ಇಳಿದು ಬಂದದ್ದು. ಇದರ ಉಲ್ಟಾ ಕೆಲಸ ನೋಡಬೇಕಿದ್ದರೆ ದಾಂಡೇಲಿ ಕಾಡಿನ ಕವಳಾ ಗುಹೆಗೆ ಹೋಗಿ. ಅಲ್ಲಿ ಕರಗಿದ ಸುಣ್ಣ ಹನಿಹನಿಯಾಗಿ ಮತ್ತೆ ಕೂತು ಲಿಂಗವಾಗಿ ಬೆಳೆದಿದೆ.

ಸುಣ್ಣ ಬಿಳಿ ಅಲ್ವಾ, ಇದು ಯಾಕೆ ಕಪ್ಪು ಅಂತ ನೀವು ಕೇಳಬಹುದು. ಕವಳಕ್ಕೆ ಹಚ್ಚುವ ಸುಣ್ಣ ಬಿಳಿ, ನಿಜ. ಅದು ಸುಟ್ಟು, ನೀರು ಹಾಕಿ ಅರಳಿಸಿದ್ದು. ನೆಲದೊಳಗಿನ ಸುಣ್ಣದ ಕಲ್ಲು ಬೆರೆತ ಅಂಶದ ಮೇಲೆ ಬೂದು, ಕೆಂಪು, ಕಪ್ಪು ಏನೂ ಆಗಬಹುದು. ಅದರ ಮೇಲೆ ಪಾಚಿ, ಕಲ್ಲುಹೂವು ಕೂತರೆ ಇನ್ನೂ ಕಪ್ಪು. ಬಣ್ಣ ನೋಡಿ ಕಲ್ಲಿನ ಜಾತಿ ಹೇಳುವುದು ಸುಮ್ನೆ ಊಹೆ ಅಷ್ಟೇ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಬಳಚಿನ ಚಿಪ್ಪಿನ ಮೇಲೆ ಲಿಂಬೆರಸ ಹಿಂಡಿ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಚಿಪ್ಪಿನಲ್ಲೂ ಸುಣ್ಣದ ಕಲ್ಲಿನಲ್ಲೂ ಇರುವುದು ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಬೆಳಗಾವಿ ಕಡೆಯ ಕರಿಕಲ್ಲಿನ ಮೇಲೆ ಹಿಂಡಿದರೆ ಏನೂ ಆಗುವುದಿಲ್ಲ. ಯಾಣದ ಬಂಡೆಯ ಮೇಲೆ ಮಾತ್ರ ಈ ಪ್ರಯೋಗ ಬೇಡ ಮಾರಾಯ್ರೆ.

ಹತ್ತುವುದೂ ಬೇಡ. ದೇವಸ್ಥಾನದವರೆಗೆ ಮೆಟ್ಟಿಲಿದೆ, ಬಂಡೆಯ ಸುತ್ತ ದಾರಿಯಿದೆ, ಅಷ್ಟು ಸಾಕು. ಕರಗಿ ಚೂಪಾದ ಅಂಚು ಕೈ ಕೊಯ್ಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಹೆಜ್ಜೇನು. ಬಂಡೆಯ ಮೈಮೇಲೆ ಗೂಡುಗಳು ನೇತಾಡುತ್ತಿರುತ್ತವೆ, ಕೆಳಗೆ ನಿಂತು ಕೂಗುವುದೂ ಒಳ್ಳೆಯದಲ್ಲ. ‘ಸೊಕ್ಕಿದ್ದರೆ ಯಾಣ, ರೊಕ್ಕ ಇದ್ದರೆ ಗೋಕರ್ಣ’ ಅನ್ನುತ್ತಿದ್ದ ಕಾಲದಲ್ಲಿ ಇಲ್ಲಿಗೆ ಬರುವುದೇ ಕಷ್ಟವಾಗಿತ್ತು. ಈಗ ರಸ್ತೆಯಿದೆ. ಮಳೆಗಾಲದಲ್ಲಿ ಉಂಬಳ ಕಚ್ಚುವುದು ಮಾತ್ರ ತಪ್ಪಿಲ್ಲ.

ಲಾವಾ ಕಲ್ಲನ್ನೇ ನೋಡುವ ಆಸೆಯಿದ್ದರೆ ಕರಾವಳಿಯಲ್ಲೇ ಒಂದು ಜಾಗ ಇದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಹೊತ್ತಿಗೆ, ಸುಮಾರು 8.8 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಒಡೆದು, ಕಂಬ ಕಂಬವಾಗಿ ನಿಂತಿದೆ. ಹೆಚ್ಚಿನವಕ್ಕೆ ಐದಾರು ಮುಖ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಅದು ಮುಗಿದ ಮೇಲೆ ಹೋಗಿ.